ವಾರಗೂನ್ ದಾಟಿದ ಮೇಲೆ

ರೈಲು ಹಾರ್ನ್ ಹಾಕಿದಾಗಲೆಲ್ಲ ಕ್ಲೆಮ್‌ನ ಬಲಗೈ ತನ್ನಷ್ಟಕ್ಕೆ ಮಡಚಿಕೊಳ್ಳುತ್ತಿತ್ತು. ಕೈಯಲ್ಲಿ ಚಹಾದ ಕಪ್ಪಿದ್ದರೆ ಕಪ್ಪನ್ನು, ಇಲ್ಲದಿದ್ದರೆ ಸೋಫಾದ ತೋಳನ್ನು, ಅದೂ ಸಿಗದಿದ್ದರೆ ಬರೀ ಗಾಳಿಯನ್ನು ಹಿಡಿದು ತನ್ನ ಕಡೆಗೆ ಎಳೆದುಕೊಳ್ಳುತ್ತಿತ್ತು. ಎಂಜಿನ್ನು ಎಲ್ಲೋ ಬಹಳ ಮುಂದೆ. ಇಷ್ಟು ಬೋಗಿಗಳನ್ನು ದಾಟಿ ಬರುವ ಹೊತ್ತಿಗೆ ಹಾರ್ನಿನ ಸದ್ದು ಸೊಳ್ಳೆಯ ದನಿಯಷ್ಟು ತೆಳ್ಳಗಾಗಿರುತ್ತಿತ್ತು. ಪಕ್ಕದ ಕೋಣೆಯವರಿಗೆ ಕೇಳಿಸುತ್ತಲೂ ಇರಲಿಲ್ಲವೇನೋ. ಅವನ ಕೈಗೆ ಮಾತ್ರ ಕೇಳಿಸುತ್ತಿತ್ತು. ಈಗ ಅವನು ಅದನ್ನು ತೊಡೆಯ ಕೆಳಗೆ ಸೇರಿಸಿ ಅದರ ಮೇಲೆ ಕೂತಿದ್ದ. ಎದುರಿಗೆ ಅವನ ಹೆಂಡತಿ ನೋಲೀನ್ ಬೆಳಗಿನ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ನೋಡುವಂಥದ್ದು ಅಲ್ಲಿ ಏನೂ ಇರಲಿಲ್ಲ. ತುಕ್ಕು ಬಣ್ಣದ ನೆಲ, ಮೊಣಕಾಲೆತ್ತರದ ಬೂದು ಪೊದೆ, ಅದರ ಹಿಂದೆ ಮತ್ತೆ ಅದೇ ನೆಲ, ಅದೇ ಪೊದೆ. ನಲ್ಲಾರ್ಬರ್ ಬಯಲಿಗೆ ಮರವೆಂಬುದು ಗೊತ್ತಿಲ್ಲ. ಅವಳು ಮಾತ್ರ ಮದುವೆಮನೆಯ ಓಡಾಟ ನೋಡುವವಳ ಹಾಗೆ ಒಂದು ಕ್ಷಣವೂ ತಪ್ಪಿಹೋಗಬಾರದೆಂದು ನೋಡುತ್ತಿದ್ದಳು.

“ಕೈ ಮೇಲೆ ಯಾಕೆ ಕೂತ್ಕೊಂಡಿದ್ದೀಯ?” ಎಂದಳು, ಹೊರಗಿನಿಂದ ಕಣ್ಣು ತೆಗೆಯದೆ.

“ತಣ್ಣಗಾಗಿದೆ.”

“ಏಸಿ ಕಮ್ಮಿ ಮಾಡಕ್ಕೆ ರೊವೀನಾಗೆ ಹೇಳ್ಲಾ?”

“ಬೇಡ. ಅವಳಿಗೆ ಬೇರೆ ಕೆಲಸ ಇಲ್ವಾ ಪಾಪ.”

“ಅವಳ ಕೆಲಸಾನೇ ಅದು ಮಾರಾಯ. ನೀನೊಬ್ಬ ಅವಳಿಗೆ ಕೆಲಸ ಮಾಡಕ್ಕೆ ಬಿಡ್ತಿಲ್ಲ.”

ಅದು ನಿಜ. ರೊವೀನಾ ಅವರ ಬೋಗಿಯ ಮೇಲ್ವಿಚಾರಕಿ, ಬ್ರೋಕನ್ ಹಿಲ್ ಕಡೆಯವಳು, ಮೊಮ್ಮಕ್ಕಳಿರುವ ಹೆಂಗಸು. ಬೆಳಿಗ್ಗೆ ಇವರು ತಿಂಡಿಗೆ ಹೋದಾಗ ಹಾಸಿಗೆಗಳನ್ನು ಗೋಡೆಯೊಳಕ್ಕೆ ಮಡಚಿ ಸೋಫಾ ಮಾಡಿಡುವುದು ಅವಳ ಪಾಲಿನ ಕೆಲಸ. ಆದರೆ ಕ್ಲೆಮ್ ಎದ್ದವನೇ ತನ್ನ ಕಂಬಳಿಯನ್ನು ಅಂಚಿಗೆ ಅಂಚು ಕೂಡಿಸಿ ಮಡಚಿಟ್ಟಿದ್ದ, ದಿಂಬಿನ ಮೇಲೆ ತಲೆಯ ಗುರುತು ಕಾಣದ ಹಾಗೆ ತಟ್ಟಿ ಸರಿಮಾಡಿದ್ದ, ಬಚ್ಚಲಿನ ಕನ್ನಡಿಗೆ ಸಿಡಿದಿದ್ದ ನೀರನ್ನು ತನ್ನದೇ ಟವೆಲಿನಿಂದ ಒರೆಸಿದ್ದ. ಒಬ್ಬರು ತನ್ನ ಹಾಸಿಗೆಯನ್ನು ಮುಟ್ಟಿ, ಅದರ ಸುಕ್ಕುಗಳಿಂದ ತಾನು ಹೇಗೆ ಹೊರಳಾಡಿದೆನೆಂದು ತಿಳಿದುಕೊಳ್ಳುವುದು ಅವನಿಗೆ ಹಿಂಸೆ. ಪರ್ತ್‌ನಲ್ಲಿ ರೈಲು ಹತ್ತಿದಾಗಿನಿಂದಲೂ ಹೀಗೆಯೇ. ಯಾರೋ ಬಾಗಿಲು ತೆರೆಯುತ್ತಾರೆ, ಯಾರೋ ಕುರ್ಚಿ ಹಿಂದಕ್ಕೆಳೆಯುತ್ತಾರೆ, ಯಾರೋ ಗ್ಲಾಸು ಅರ್ಧವಾಗುವ ಮೊದಲೇ ತುಂಬಿಸುತ್ತಾರೆ. ಪ್ರತಿ ಸಲವೂ ಅವನು ಅರ್ಧ ಎದ್ದುನಿಂತು ಥ್ಯಾಂಕ್ಸ್ ಹೇಳುತ್ತಾನೆ. ಮದುವೆಯ ಸುವರ್ಣ ವರ್ಷಕ್ಕೆಂದು ಪರ್ತ್‌ನಲ್ಲಿರುವ ಮಗಳು ಡೆನೀಸ್ ಮತ್ತು ಅವಳ ತಮ್ಮಂದಿರು ಸೇರಿ ಕೊಟ್ಟ ಉಡುಗೊರೆ ಇದು. ಕವರು ತೆರೆದು ಟಿಕೆಟ್ ನೋಡಿದಾಗ ನೋಲೀನ್ ಬಾಯಿ ಮುಚ್ಚಿಕೊಂಡು ಅತ್ತಳು. ಅವನು ಟಿಕೆಟಿನ ಮೇಲಿದ್ದ ನಕ್ಷೆಯ ಕೆಂಪು ಗೆರೆಯನ್ನು ಬೆರಳಿನಿಂದ ಹಿಂಬಾಲಿಸುತ್ತ ಪಶ್ಚಿಮದಿಂದ ಪೂರ್ವಕ್ಕೆ ಹೋಗಿ, ಬಯಲು ಮುಗಿದು ಮರಳಗುಡ್ಡೆಗಳು ಶುರುವಾಗುವಲ್ಲಿ ನಿಲ್ಲಿಸಿದ. ಅಲ್ಲಿ ನಕ್ಷೆಯಲ್ಲಿ ಯಾವ ಹೆಸರೂ ಇರಲಿಲ್ಲ. “ತುಂಬಾ ದುಡ್ಡಾಗಿರತ್ತಲ್ಲೇ,” ಎಂದಷ್ಟೇ ಮಗಳಿಗೆ ಹೇಳಿದ.

ಈ ಹಳಿಯ ಮೇಲೆ ಗೂಡ್ಸ್ ಓಡಿಸಿಯೇ ಅವನು ಮುದುಕನಾದದ್ದು. ಆಗೆಲ್ಲ ಈ ರೈಲಿಗೆ ದಾರಿ ಬಿಡಲು ಅವನ ಗಾಡಿ ಪಕ್ಕದ ಹಳಿಯಲ್ಲಿ ನಿಂತು ಕಾಯಬೇಕಿತ್ತು. ಸಂಜೆಯಾಗಿದ್ದರೆ ದೂರದಲ್ಲಿ ಮೊದಲು ಒಂದು ದೀಪ, ಆಮೇಲೆ ನೆಲದ ಅದುರುವಿಕೆ, ಆಮೇಲೆ ಬೆಳಕಿನ ಕಿಟಕಿಗಳು ಒಂದರ ಹಿಂದೊಂದು. ಬಿಳಿ ಮೇಜುಬಟ್ಟೆ, ನಗುವ ಬಾಯಿಗಳು, ಎತ್ತಿ ಹಿಡಿದ ಗ್ಲಾಸು. ಪಕ್ಕದಲ್ಲಿ ಕೂತಿದ್ದ ಸಹಚಾಲಕ ಲೆಸ್ಟರ್ ಶೀಹನ್ ಬ್ರೆಡ್ಡಿನ ನಡುವೆ ತಣ್ಣಗಿನ ಕುರಿಮಾಂಸ ಇಟ್ಟುಕೊಂಡು ಅಗಿಯುತ್ತ, “ನೋಡೋ ಕ್ಲೆಮ್, ಆ ಹೆಂಗಸು ಸೂಪನ್ನ ಹೇಗೆ ಕುಡೀತಾಳೆ, ಬೆಕ್ಕು ಬಿಸಿ ಹಾಲಿಗೆ ಬಾಯಿ ಇಟ್ಟ ಹಾಗೆ,” ಎಂದು ಕಂಡವರಿಗೆಲ್ಲ ಒಂದೊಂದು ಕತೆ ಕಟ್ಟುತ್ತಿದ್ದ. ಲೆಸ್ ಸತ್ತು ಎರಡು ಚಳಿಗಾಲ ಕಳೆದಿದೆ. ಚರ್ಚಿನಲ್ಲಿ ಕೊನೆಯ ಬೆಂಚಿನಲ್ಲಿ ಕೂತು, ಹಾಡು ಮುಗಿಯುವ ಮೊದಲೇ ಎದ್ದು ಬಂದಿದ್ದ ಕ್ಲೆಮ್. ಲೆಸ್‌ನ ಮಗ ಮಾರನೆಯ ದಿನ ಫೋನು ಮಾಡಿ, “ಅಂಕಲ್, ಪೆಟ್ಟಿಗೆಗೆ ಹೆಗಲು ಕೊಡೋರ ಸಾಲಲ್ಲಿ ನಿಮ್ಮ ಹೆಸರಿತ್ತು, ಅಪ್ಪನೇ ಹೇಳಿದ್ರು,” ಎಂದಾಗ, ಮಂಡಿ ನೋವು ಎಂದಿದ್ದ. ಈಗಲೂ ಅದೇ ಮಂಡಿ.

ಹೊತ್ತೇರಿದ ಮೇಲೆ ರೈಲು ಕುಕ್‌ನಲ್ಲಿ ನಿಂತಾಗ ಅದನ್ನೇ ಹೇಳಿದ. ಎಂಜಿನ್ನಿಗೆ ನೀರು, ಎಣ್ಣೆ ತುಂಬಿಸುವವರೆಗೆ ಪ್ರಯಾಣಿಕರು ಇಳಿದು ಕಾಲಾಡಿಸಬಹುದು. ಊರು ಖಾಲಿಯಾಗಿ ಎಷ್ಟೋ ಕಾಲವಾಗಿದೆ. ಬಾಗಿಲು ಮುಚ್ಚಿದ ಶಾಲೆ, ತಗಡಿನ ಜೈಲುಗೂಡು, ಯಾರೋ ನೆಟ್ಟು ಯಾರೂ ನೀರು ಹಾಕದ ಮರಗಳು. ಒಂದು ಕಾಲಕ್ಕೆ ಇಲ್ಲಿಯ ಅಂಗಡಿಯಲ್ಲಿ ಅವನಿಗೆ ಬಿಸಿ ಮೀಟ್ ಪೈ ಸಿಗುತ್ತಿತ್ತು. ರೊವೀನಾ ಬಾಗಿಲಲ್ಲಿ ಪುಟ್ಟ ಮೆಟ್ಟಿಲಿಟ್ಟು ಒಬ್ಬೊಬ್ಬರಿಗೇ ಕೈ ಕೊಟ್ಟು ಇಳಿಸುತ್ತಿದ್ದಳು. ನೋಲೀನ್ ಟೋಪಿ ಹಾಕಿಕೊಂಡು ಬಂದು, “ಬಾರೋ, ನಿನ್ನ ರಾಜ್ಯ ಇದು, ತೋರಿಸು,” ಎಂದಳು. ಅವನು ಬೋಗಿಯ ಬಾಗಿಲವರೆಗೆ ಹೋದ. ಮೆಟ್ಟಿಲು ನೋಡಿದ. ಅದರ ಕೆಳಗೆ ಜಲ್ಲಿಕಲ್ಲು, ಜಲ್ಲಿಯ ಮೇಲೆ ಬಿಸಿಲು. ಹಿಂದೆ ಇಬ್ಬರು ಕಾಯುತ್ತಿದ್ದರು. “ಮಂಡಿ,” ಎಂದು ಪಕ್ಕಕ್ಕೆ ಸರಿದುಕೊಂಡ. ಹಿಂದಿನವರಲ್ಲಿ ಒಬ್ಬಾತ ಕನಿಕರದಿಂದ ಅವನ ಭುಜ ತಟ್ಟಿ ಮುಂದೆ ಹೋದ. ಆ ತಟ್ಟುವಿಕೆ ಅವನ ಅಂಗಿಯ ಮೇಲೆ ಮೀನಿನ ವಾಸನೆಯ ಹಾಗೆ ಉಳಿಯಿತು. ಕಿಟಕಿಯ ಎರಡು ಪದರದ ಗಾಜಿನಾಚೆ ಹೆಂಡತಿ ಹೊಸ ಬೂಟಿನಲ್ಲಿ ಧೂಳು ಎಬ್ಬಿಸುತ್ತ ಹೋಗುವುದನ್ನು ನೋಡುತ್ತ ಕೂತ. ಸದ್ದಿಲ್ಲದೆ ನಡೆಯುವ ಜನ. ಸದ್ದಿಲ್ಲದೆ ನಗುವ ಜನ. ಆ ದಿನವೂ ಹೀಗೆಯೇ ಗಾಜಿನಾಚೆ ಲೆಸ್ ಓಡುತ್ತಿದ್ದ, ಬಗಲಿಗೆ ನೀರಿನ ಬಾಟ್ಲಿ ತಗುಲಿಸಿಕೊಂಡು, ಹಳಿಯ ಪಕ್ಕದ ಜಲ್ಲಿಯಲ್ಲಿ ಜಾರುತ್ತ, ಹಿಂದಕ್ಕೆ, ಹಿಂದಕ್ಕೆ, ಎಂಜಿನ್ನಿನ ಕನ್ನಡಿಯಲ್ಲಿ ಇರುವೆಯಷ್ಟು ಚಿಕ್ಕವನಾಗುವವರೆಗೆ.

ಢಿಕ್ಕಿಯ ಬಗ್ಗೆ ಅವನಿಗೆ ಅಂಥ ಪಶ್ಚಾತ್ತಾಪವಿರಲಿಲ್ಲ. ಇದನ್ನು ಯಾರಿಗೆ ಹೇಳಿದರೂ ನಂಬುವುದಿಲ್ಲ. ವಾರಗೂನ್ ಎಂಬ ಆ ಪುಟ್ಟ ನಿಲುಗಡೆಯ ಹತ್ತಿರ ಮಣ್ಣಿನ ದಾರಿಯೊಂದು ಹಳಿ ದಾಟುತ್ತದೆ. ಕಾಡುನಾಯಿಗಳಿಗೆ ಬೋನು ಹಾಕುವ ವಿಕ್ಟರ್ ಹ್ಯಾಸ್ಕಲ್ ಎಂಬಾತ ಬೆಳಗಿನ ಹೊತ್ತು, ಸೂರ್ಯ ಕಣ್ಣಿಗೆ ಹೊಡೆಯುತ್ತಿದ್ದಾಗ, ಹಿಂಬದಿ ತೆರೆದ ತನ್ನ ಹಳೆಯ ಯೂಟ್ ಗಾಡಿಯನ್ನು ಹಳಿಯ ಮೇಲೆ ತಂದ. ಕ್ಲೆಮ್ ಹಾರ್ನ್ ಹಾಕಿದ್ದ, ಬ್ರೇಕು ಎಳೆದಿದ್ದ. ಅಷ್ಟು ಭಾರದ ಗೂಡ್ಸು ನಿಲ್ಲಬೇಕಾದರೆ ಒಂದು ಮೈಲಿಯಾದರೂ ಬೇಕು. ವಿಚಾರಣೆಯಲ್ಲಿ ಎಲ್ಲರೂ ಅದನ್ನೇ ಹೇಳಿದರು. ಅವನಿಗೂ ಗೊತ್ತಿತ್ತು. ಸುಡುತ್ತಿದ್ದದ್ದು ಅದಲ್ಲ. ಗಾಡಿ ನಿಂತಿತು, ಲೆಸ್ ಇಳಿದು ಓಡಿದ, ಇವನು ಇಳಿಯಲಿಲ್ಲ. ಹ್ಯಾಸ್ಕಲ್‌ನ ಪ್ರಾಣ ತಕ್ಷಣ ಹೋಗಿರಲಿಲ್ಲ. ಹೆಲಿಕಾಪ್ಟರ್ ಬರುವವರೆಗೆ, ಬಂದರೂ ಪ್ರಯೋಜನವಿಲ್ಲದ ಆ ಹೊತ್ತಿನವರೆಗೆ, ಲೆಸ್ ಅಲ್ಲಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಇವನು ಎಂಜಿನ್ನಿನೊಳಗೆ, ಪೂರ್ತಿ ಎಳೆದು ಮುಗಿದಿದ್ದ ಬ್ರೇಕಿನ ಹಿಡಿಯನ್ನು ಇನ್ನೂ ಎಳೆಯುತ್ತ, ರೇಡಿಯೋದಲ್ಲಿ ಕೇಳಿದ್ದಕ್ಕೆಲ್ಲ ಹೌದು ಹೌದು ಎನ್ನುತ್ತ. ಬಿಸಿಲು ನೆತ್ತಿಗೇರಿದ ಮೇಲೆ ಲೆಸ್ ವಾಪಸು ಬಂದು ಏಣಿ ಹತ್ತಿ, ಡಬ್ಬಿಯ ನೀರಿನಲ್ಲಿ ಕೈ ತೊಳೆದು, “ಹೋದ,” ಎಂದ. ಅಷ್ಟೆ. ಆಮೇಲೆ ಅವರಿಬ್ಬರೂ ಅದರ ಮಾತೆತ್ತಲಿಲ್ಲ. ವಿಚಾರಣೆಯ ವರದಿಯಲ್ಲಿ ‘ಚಾಲಕರು ನಿಯಮದ ಪ್ರಕಾರ ತಮ್ಮ ಸ್ಥಾನದಲ್ಲೇ ಉಳಿದರು’ ಎಂದು ಬರೆದರು. ಅಂಥ ನಿಯಮವೊಂದು ಇದ್ದದ್ದು ಹೌದು. ಅದು ಆವತ್ತು ಅವನ ತಲೆಯಲ್ಲಿ ಇರಲೇ ಇಲ್ಲ. ತನ್ನ ಹೇಡಿತನಕ್ಕೆ ಯಾರೋ ಅಳತೆ ತೆಗೆದು ಹೊಲಿಸಿದ ಕೋಟಿನ ಹಾಗೆ ಆ ಸಾಲು ಅವನ ಮೈಗೆ ಸರಿಯಾಗಿ ಕೂತಿತು, ಅಂದಿನಿಂದ ಅವನು ಅದನ್ನು ಬಿಚ್ಚಿಟ್ಟಿರಲಿಲ್ಲ.

ಹ್ಯಾಸ್ಕಲ್‌ನ ನಾಯಿ ಬದುಕಿಕೊಂಡಿತು. ಕೆಂಚು ಬಣ್ಣದ ಕೆಲ್ಪಿ ಜಾತಿಯದು, ಹೆಸರು ಜಿಂಜರ್. ಲೆಸ್ ಅದನ್ನು ಪೋರ್ಟ್ ಅಗಸ್ಟಾದ ತನ್ನ ಮನೆಗೆ ತಂದು ಸಾಕಿದ. ಒಂದೇ ಬೀದಿಯಲ್ಲಿದ್ದ ಮನೆಗಳು. ಕ್ಲೆಮ್ ಪೇಪರ್ ತರಲು ಹೊರಟರೆ ನಾಯಿ ಗೇಟಿನ ಸಂದಿಯಿಂದ ನುಸುಳಿ ಬರುತ್ತಿತ್ತು. ಬೊಗಳುತ್ತಿರಲಿಲ್ಲ. ಬಂದು ಅವನ ಮೊಣಕಾಲಿಗೆ ತಲೆಯಾನಿಸಿ ನಿಲ್ಲುತ್ತಿತ್ತು. ಅವನು ಬೀದಿಯ ಆಚೆ ಬದಿಗೆ ದಾಟಿ ನಡೆಯುವುದನ್ನು ಅಭ್ಯಾಸ ಮಾಡಿಕೊಂಡ. ನಾಯಿಯೂ ದಾಟುತ್ತಿತ್ತು.

ಊಟದ ಬೋಗಿಯಲ್ಲಿ ಅವರ ಮೇಜಿಗೆ ಬಾಲರಾಟ್‌ನ ದಂಪತಿಯನ್ನು ಕೂರಿಸಿದ್ದರು. ಗಾರ್ಡನ್ ಎಂಬ ನಿವೃತ್ತ ದಂತವೈದ್ಯ, ಆತನ ಹೆಂಡತಿ ಫಿಲಿಪ್ಪಾ. ಗಾರ್ಡನ್ ಮಾತಾಡುವಾಗ ಎದುರಿನವರ ಕಣ್ಣಿನ ಬದಲು ಹಲ್ಲುಗಳನ್ನು ನೋಡುತ್ತಿದ್ದ. ಹಾಗಾಗಿ ಕ್ಲೆಮ್ ಆದಷ್ಟು ಬಾಯಿ ಮುಚ್ಚಿಯೇ ಇದ್ದ. ಬಾರಮಂಡಿ ಮೀನು ಬಂತು; ಯಾವುದಕ್ಕೆ ಯಾವ ಚಾಕು ಎಂದು ಅವನು ನೋಲೀನ್‌ಳ ಕೈ ನೋಡಿ ತಿಳಿದುಕೊಂಡ. ಅಷ್ಟರಲ್ಲಿ ರೈಲು ನಿಧಾನವಾಗಿ, ಪಕ್ಕದ ಹಳಿಗೆ ಸರಿದು, ನಿಂತಿತು.

“ಇದೇ ಸಮಸ್ಯೆ,” ಎಂದ ಗಾರ್ಡನ್. “ಎದುರಿಂದ ಗೂಡ್ಸ್ ಬರತ್ತಂತೆ. ಇಷ್ಟು ದುಡ್ಡು ಕೊಟ್ಟು ಬಂದಿರೋ ನಾವು ಕಾಯ್ಬೇಕು, ಕಬ್ಬಿಣದ ಸಾಮಾನು ಮೊದಲು ಹೋಗ್ಬೇಕು. ನಿಮಗೇನನ್ಸತ್ತೆ?”

“ಅದಕ್ಕೂ ಟೈಮಿರತ್ತಲ್ಲ,” ಎಂದ ಕ್ಲೆಮ್.

“ಇವರು ಇದೇ ಹಳೀಲಿ ಗಾಡಿ ಓಡಿಸ್ದೋರು,” ಎಂದಳು ನೋಲೀನ್. ಅವಳ ದನಿಯಲ್ಲಿದ್ದ ಹೆಮ್ಮೆಯಿಂದ ಅವನ ಕಿವಿ ಬಿಸಿಯಾಯಿತು.

“ಹೌದಾ?” ಫಿಲಿಪ್ಪಾ ಫೋರ್ಕ್ ಕೆಳಗಿಟ್ಟಳು. “ನಮ್ಮ ಮೇಜಲ್ಲೇ ಡ್ರೈವರಿದ್ದಾರೆ ನೋಡಿ ಗಾರ್ಡನ್. ಇಷ್ಟು ಹೊತ್ತು ಬಾಯೇ ಬಿಟ್ಟಿಲ್ಲ ಇವರು.”

“ಮತ್ತೆ ಹೇಳಿ,” ಗಾರ್ಡನ್ ಮುಂದಕ್ಕೆ ಬಾಗಿದ, ಖುಷಿಯಿಂದ. “ಯಾವತ್ತಾದ್ರೂ ಏನಾದ್ರೂ ಗುದ್ದಿದ್ದೀರಾ? ಕಾಂಗರೂ ಗೀಂಗರೂ?”

ಮುಖ್ಯ ಹಳಿಯಲ್ಲಿ ಗೂಡ್ಸ್ ಬಂತು. ಕಿಟಕಿಯ ತುಂಬ ಕಂದು ಪೆಟ್ಟಿಗೆಗಳು, ನಡುವೆ ಸೀಳು ಸೀಳಾಗಿ ಬಿಸಿಲು, ಮತ್ತೆ ಪೆಟ್ಟಿಗೆ. ಗ್ಲಾಸುಗಳು ಒಂದಕ್ಕೊಂದು ತಾಕಿ ಸಣ್ಣಗೆ ಸದ್ದು ಮಾಡಿದವು. ಅದು ಮುಗಿಯುವವರೆಗೆ ಉತ್ತರ ಕೊಡಬೇಕಿಲ್ಲ ಎಂದು ಅವನು ಲೆಕ್ಕ ಹಾಕಿದ. ಆದರೆ ಗೂಡ್ಸು ಎಷ್ಟೇ ಉದ್ದವಿದ್ದರೂ ಅದಕ್ಕೊಂದು ಕೊನೆಯ ಪೆಟ್ಟಿಗೆ ಇರುತ್ತದೆ. ಬೆಳಕು ಮರಳಿತು. ಮೂವರೂ ಅವನನ್ನೇ ನೋಡುತ್ತಿದ್ದರು.

“ಒಂದೆರಡು ಒಂಟೆ,” ಎಂದ.

ದಂತವೈದ್ಯ ತಲೆ ಹಿಂದಕ್ಕೆ ಹಾಕಿ ನಕ್ಕ. ಫಿಲಿಪ್ಪಾ ಅಯ್ಯೋ ಪಾಪ ಎನ್ನುತ್ತಲೇ ನಕ್ಕಳು. ಕ್ಲೆಮ್ ಕೂಡ ನಕ್ಕ, ತನ್ನ ಬಾಯಿ ತೆರೆದುಕೊಂಡದ್ದು, ಹಿಂದಿನ ದವಡೆಯ ಖಾಲಿ ಜಾಗ ಕಾಣಿಸಿದ್ದು, ಗಾರ್ಡನ್‌ನ ಕಣ್ಣು ಅಲ್ಲಿಗೆ ಹೋದದ್ದು, ಎಲ್ಲ ಅವನಿಗೆ ಗೊತ್ತಾಯಿತು. ನೋಲೀನ್ ಮಾತ್ರ ಬ್ರೆಡ್ಡಿನ ತುಂಡನ್ನು ಬೆರಳಲ್ಲಿ ಉಂಡೆ ಮಾಡುತ್ತ ಕೂತಿದ್ದಳು. ಅವಳು ಯಾಕೆ ನಗಲಿಲ್ಲವೆಂದು ಅವನು ಯೋಚಿಸಲಿಲ್ಲ. ಮೀನು ಹಾಗೆಯೇ ಉಳಿಯಿತು. ತಟ್ಟೆ ತೆಗೆಯಲು ಬಂದವನು, “ಹಿಡಿಸಲಿಲ್ವಾ ಸರ್?” ಎಂದು ಕೇಳಿದಾಗ, ಅವನು ಮತ್ತೆ ಅರ್ಧ ಎದ್ದುನಿಂತು ಕ್ಷಮಿಸಿ ಎಂದ.

ಕೋಣೆಗೆ ಬಂದು ಕಿಟಕಿಯ ಪಕ್ಕ ಕೂತ. ಅವನು ಪರ್ತ್‌ನಿಂದಲೇ ತೀರ್ಮಾನಿಸಿಕೊಂಡಿದ್ದು ಇಷ್ಟು: ವಾರಗೂನ್ ಬಂದಾಗ ಎದ್ದು ನಿಲ್ಲಬೇಕು. ಬೇರೇನೂ ಅಲ್ಲ. ಪ್ರಾರ್ಥನೆಯಿಲ್ಲ, ಟೋಪಿ ತೆಗೆಯುವುದಿಲ್ಲ. ನಿಂತು, ಆ ಜಾಗವನ್ನು, ಅಂದು ಕನ್ನಡಿಯಲ್ಲಿ ಕಂಡದ್ದನ್ನು, ನೇರವಾಗಿ ನೋಡಬೇಕು. ಇಳಿಯಲು ಆಗದವನು ನಿಲ್ಲಲಾದರೂ ಆಗಬೇಕು. ಇದಕ್ಕಾಗಿಯೇ ಅವನು ಈ ಉಡುಗೊರೆಯನ್ನು ಬೇಡವೆನ್ನಲಿಲ್ಲ. ಇದಕ್ಕಾಗಿಯೇ ಬೇಡವೆನ್ನಬೇಕು ಅಂತಲೂ ಅನ್ನಿಸಿತ್ತು. ಬಯಲು ಮುಗಿಯುತ್ತಿತ್ತು. ಮೊದಲ ಮರಗಳು ಕಂಡವು, ಕುಳ್ಳ ಮ್ಯಾಲಿ ಮರಗಳು, ಒಂದು ಬುಡಕ್ಕೆ ನಾಲ್ಕೈದು ಕಾಂಡ. ಅಷ್ಟು ದೂರದಿಂದ ನೇರ ಬಂದ ಹಳಿ ಇಲ್ಲಿ ಮೊದಲ ಸಲ ಬಾಗುತ್ತದೆ. ಆ ಬಾಗು ಅವನ ಸೊಂಟಕ್ಕೆ ಗೊತ್ತಾಯಿತು. ಇನ್ನು ಸ್ವಲ್ಪ ಹೊತ್ತು. ಆ ಬೆಳಿಗ್ಗೆ ಲೆಸ್‌ನ ತೊಡೆಯ ಮೇಲೆ ಮಲಗಿ ಹ್ಯಾಸ್ಕಲ್ ಏನು ನೋಡುತ್ತಿದ್ದ? ಎಂಜಿನ್ನಿನ ಕಡೆಗೇ ನೋಡುತ್ತಿದ್ದ, ಬೇರೆಲ್ಲಿ ನೋಡುತ್ತಾನೆ. ಅಲ್ಲಿ ಇನ್ನೊಬ್ಬ ಇದ್ದಾನಲ್ಲ, ಅವನೇಕೆ ಬರುತ್ತಿಲ್ಲ ಎಂದು ಕೇಳಿರುತ್ತಾನೆ. ಲೆಸ್ ಏನೋ ಒಂದು ಸುಳ್ಳು ಹೇಳಿರುತ್ತಾನೆ. ಈ ಪ್ರಶ್ನೆ, ಈ ಸುಳ್ಳು ಎಷ್ಟು ಸಲ ಅವನ ತಲೆಯಲ್ಲಿ ನಡೆದಿತ್ತೆಂದರೆ ಹ್ಯಾಸ್ಕಲ್‌ನ ದನಿ ಅವನಿಗೆ ಚೆನ್ನಾಗಿ ಪರಿಚಯವಾಗಿತ್ತು. ಎಂದೂ ಕೇಳಿರದ ದನಿ. ಕೊಂಚ ಗೊಗ್ಗರು, ಕೊಂಚ ನಾಚಿಕೆ. ‘ಅವರು ಬರಲ್ವಾ?’ ಬಿಸಿಲು ಮರಗಳ ನಡುವಿನಿಂದ ಹಾದು ಅವನ ಮುಖದ ಮೇಲೆ ಪಟಪಟನೆ ಬಿದ್ದು ಹೋಗುತ್ತಿತ್ತು, ಬೆಳಕು, ನೆರಳು, ಬೆಳಕು. ಊಟಕ್ಕೆ ಮೊದಲು ಖಾಲಿ ಹೊಟ್ಟೆಯಲ್ಲಿ ಕುಡಿದ ವೈನು ಕಣ್ಣಿನ ಹಿಂದೆ ಬೆಚ್ಚಗೆ ಕೂತಿತ್ತು. ಒಂದು ಕ್ಷಣ ಕಣ್ಣು ಮುಚ್ಚಿದರೆ ಪರವಾಗಿಲ್ಲ ಎಂದುಕೊಂಡ. ಎದ್ದು ನಿಲ್ಲಲು ಸಲೀಸಾಗಲೆಂದು ಪಾದಗಳನ್ನು ನೆಲಕ್ಕೆ ಊರಿ, ಬೆನ್ನು ನೇರ ಮಾಡಿಕೊಂಡೇ ಮುಚ್ಚಿದ.

ಎಚ್ಚರವಾದಾಗ ಮೈಮೇಲೆ ಕಂಬಳಿಯಿತ್ತು. ಬೂಟುಗಳು ಕಾಲಿನಲ್ಲಿರಲಿಲ್ಲ. ಬೆಳಕು ಹಳದಿಗೆ ತಿರುಗಿ ಕೋಣೆಯ ಎದುರು ಗೋಡೆಯವರೆಗೆ ಬಂದಿತ್ತು, ಹೊರಗೆ ಮರಗಳು ಒತ್ತೊತ್ತಾಗಿದ್ದವು. ಆ ಮರಗಳನ್ನು ನೋಡಿಯೇ ಅವನಿಗೆ ಗೊತ್ತಾಯಿತು. ಎದ್ದು ನಿಲ್ಲಲು ಹೋಗಿ ಕಂಬಳಿ ಕಾಲಿಗೆ ಸಿಕ್ಕಿ ಮತ್ತೆ ಕುಸಿದು ಕೂತ. ನೋಲೀನ್ ಕಿಟಕಿಯ ಹತ್ತಿರ ನಿಂತಿದ್ದಳು. ಹೊರಗೆ ಹೊರಟವಳ ಹಾಗೆ ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡಿದ್ದಳು.

“ದಾಟಿಯಾಯ್ತು,” ಎಂದಳು.

“ಏನು?”

“ವಾರಗೂನ್.”

ಆ ಹೆಸರು ಅವಳ ಬಾಯಲ್ಲಿ ಎಷ್ಟು ಮಾಮೂಲಾಗಿ ಬಂತೆಂದರೆ ಅವನಿಗೆ ಅದು ಬೇರೆ ಯಾವುದೋ ಊರಿನ ಹೆಸರೆನಿಸಿತು. ಮನೆಯಲ್ಲಿ ಇಷ್ಟು ವರ್ಷ ಯಾರೂ ಅದನ್ನು ಉಚ್ಚರಿಸಿರಲಿಲ್ಲ.

“ನನ್ನ ಎಬ್ಬಿಸ್ಬೇಕಿತ್ತು.”

“ಎಬ್ಬಿಸ್ಬೇಕು ಅಂತಲೇ ಇದ್ದೆ. ಇನ್ನೇನು ಬರತ್ತೆ ಅಂತ ರೊವೀನಾ ಬಂದು ಹೇಳಿದ್ಲು, ನಾನೇ ಕೇಳಿಟ್ಟಿದ್ದೆ. ಭುಜದ ಮೇಲೆ ಕೈನೂ ಇಟ್ಟೆ. ನೀನು ಬಾಯಿ ಬಿಟ್ಕೊಂಡು ಗೊರಕೆ ಹೊಡೀತಿದ್ದೆ. ಈ ಪ್ರಯಾಣದಲ್ಲಿ ನೀನು ಸರಿಯಾಗಿ ನಿದ್ದೆ ಮಾಡಿದ್ದೇ ಮೊದಲ ಸಲ. ಬಿಟ್ಬಿಟ್ಟೆ. ನಾನೇ ನಿಂತ್ಕೊಂಡು ನೋಡ್ದೆ.”

“ನಿಂಗೆ ಹೇಗೆ ಗೊತ್ತು? ನಾನು ನೋಡ್ಬೇಕು ಅಂದ್ಕೊಂಡಿದ್ದು.”

ಅವಳು ಕೋಟು ಬಿಚ್ಚಿ ಕೊಕ್ಕೆಗೆ ಹಾಕಿದಳು. ಅವನ ಎದುರಿಗೆ ಕೂತು, ಕಂಬಳಿಯ ತುದಿಯನ್ನು ತನ್ನ ಮಂಡಿಯ ಮೇಲೂ ಎಳೆದುಕೊಂಡಳು. “ಲೆಸ್ ಬಂದಿದ್ದ ಕ್ಲೆಮ್. ಅದಾದ ವಾರದಲ್ಲೇ. ನೀನು ಡಾಕ್ಟರು ಕೊಟ್ಟ ಮಾತ್ರೆ ತಗೊಂಡು ಮಲಗಿದ್ದೆ. ಅಡುಗೆಮನೆ ಬಾಗಿಲಲ್ಲಿ ನಿಂತು, ಒಳಗೆ ಬಾ ಅಂದ್ರೂ ಬರ್ದೆ, ಟೋಪಿ ತಿರುಗಿಸ್ತಾ ನಿಂತಿದ್ದ. ಎಲ್ಲಾ ಹೇಳ್ದ.”

“ಎಲ್ಲಾ ಅಂದ್ರೆ?”

“ನಿನ್ನ ಬೆರಳುಗಳನ್ನ ಬ್ರೇಕಿಂದ ಒಂದೊಂದಾಗಿ ಬಿಡಿಸ್ಬೇಕಾಯ್ತು ಅಂತ.”

ಅವನಿಗೆ ಅದು ನೆನಪಿರಲಿಲ್ಲ. ಲೆಸ್ ಕೈ ತೊಳೆದದ್ದು, ಹೋದ ಎಂದದ್ದು ನೆನಪಿತ್ತು. ಆಮೇಲೆ ಆ ಒದ್ದೆ ಕೈಗಳು ಏನು ಮಾಡಿದವು ಎಂಬುದು ಇರಲಿಲ್ಲ.

“ನಾನು ಇಳೀಲಿಲ್ಲ ನೋಲೀನ್.” ಇದನ್ನು ಹೇಳುವ ದಿನ ಆಕಾಶವೇ ಕಳಚಿ ಬೀಳುತ್ತದೆಂದು ಅವನು ತಿಳಿದಿದ್ದ. ಕೋಣೆ ಮೆಲ್ಲಗೆ ತೂಗುತ್ತಲೇ ಇತ್ತು.

“ಗೊತ್ತು.”

“ಲೆಸ್ ಒಬ್ಬನೇ ಹೋದ. ಹ್ಯಾಸ್ಕಲ್ ಅಲ್ಲಿ ಬಿದ್ಕೊಂಡು ನಾನು ಬರ್ತೀನಿ ಅಂತ…”

“ನಿನ್ನ ಬಗ್ಗೆ ಅವನು ಏನೂ ಕೇಳ್ಲಿಲ್ವಂತೆ.”

ಅವನು ತಲೆಯೆತ್ತಿದ.

“ಲೆಸ್ ಹೇಳ್ದ. ರೈಲಿನ ಬಗ್ಗೇನೇ ಕೇಳ್ಲಿಲ್ಲ. ತನಗೆ ಏನು ಬಡೀತು ಅಂತಾದ್ರೂ ಅವನಿಗೆ ಗೊತ್ತಿತ್ತೋ ಇಲ್ವೋ. ಕೊನೇವರೆಗೂ ಬರೀ ನಾಯಿ ಮಾತು. ಜಿಂಜರ್ ಎಲ್ಲಿ, ಅದಕ್ಕೆ ಪೆಟ್ಟಾಗಿದ್ಯಾ, ಅದಕ್ಕೆ ಬೇಯಿಸಿದ ಮಾಂಸ ಹಾಕ್ಬೇಡಿ, ಹೊಟ್ಟೆ ಕೆಡತ್ತೆ. ಬಿಸ್ಕೆಟ್ ಅಂದ್ರೆ ಪ್ರಾಣ, ಆದ್ರೆ ಜಾಸ್ತಿ ಕೊಡ್ಬೇಡಿ. ಅದೇ, ತಿರುಗಿ ತಿರುಗಿ ಅದೇ. ನಾಯೀನ ತಾನು ನೋಡ್ಕೋತೀನಿ ಅಂತ ಲೆಸ್ ಮಾತು ಕೊಟ್ಟ ಮೇಲೆ ಸುಮ್ಮನಾದ್ನಂತೆ.”

ಅಂದರೆ ಆ ದನಿ. ಅವರು ಬರಲ್ವಾ. ಅದು ಎಲ್ಲಿಂದ ಬಂದಿತ್ತು? ಹ್ಯಾಸ್ಕಲ್ ಅದನ್ನು ಹೇಳಿರಲೇ ಇಲ್ಲ. ಆ ಬೆಳಗಿನ ಬಿಸಿಲಿನಲ್ಲಿ ಲೆಸ್ ಇದ್ದ, ನಾಯಿ ಇತ್ತು, ಸಾಯುತ್ತಿದ್ದ ಮನುಷ್ಯನಿದ್ದ. ಕ್ಲೆಮ್ ಎಂಬವನು ಅಲ್ಲಿ ಇರಲೂ ಇಲ್ಲ, ಇಲ್ಲವೆಂದು ಯಾರಿಗೂ ಅನ್ನಿಸಲೂ ಇಲ್ಲ. ಅವನ ಮೊದಲ ಭಾವನೆ ಅವಮಾನ. ಇಷ್ಟು ವರ್ಷ ಒಂದು ಬಾಗಿಲ ಮುಂದೆ ತಲೆ ತಗ್ಗಿಸಿ ನಿಂತಿದ್ದು, ಕೊನೆಗೆ ಆ ಮನೆಯಲ್ಲಿ ತನ್ನ ಹೆಸರು ಕೇಳಿದವರೇ ಇಲ್ಲವೆಂದು ತಿಳಿದ ಹಾಗೆ. ಆಮೇಲೆ ಸಿಟ್ಟು ಬಂತು, ಅವಳ ಮೇಲೆ. ಎಲ್ಲ ಊಟದ ಹೊತ್ತಿನಲ್ಲೂ ಅವಳಿಗೆ ಗೊತ್ತಿತ್ತು. ಬಟಾಣಿಯ ಬಟ್ಟಲು ಇತ್ತ ಸರಿಸುವಾಗ, ಕ್ರಿಸ್‌ಮಸ್‌ನಲ್ಲಿ ಮಕ್ಕಳೆದುರು ಅವನ ರೈಲಿನ ಕತೆಗಳಿಗೆ ನಗುವಾಗ, ಬೀದಿಯ ಆಚೆ ಬದಿಗೆ ದಾಟಿದ ಅವನ ಹಿಂದೆ ಏನೂ ಕೇಳದೆ ತಾನೂ ದಾಟುವಾಗ.

“ಇಷ್ಟು ವರ್ಷ ಒಂದು ಮಾತು ಹೇಳ್ಬಾರದಿತ್ತಾ?”

“ಹೇಳೋಣ ಅಂತ ಎಷ್ಟೋ ಸಲ ಅನ್ಕೊಂಡೆ.” ಅವಳು ತನ್ನ ಅಂಗೈ ನೋಡಿಕೊಂಡಳು. “ನನಗೆ ಗೊತ್ತಿಲ್ಲ ಅಂತ ನೀನು ಅಂದ್ಕೊಂಡಿದ್ದೆ. ಗೊತ್ತಿಲ್ದೋಳ ಹತ್ರ ಸ್ವಲ್ಪ ಆರಾಮಾಗಿದ್ದೆ. ಲೆಸ್ ಹತ್ರ ಇರ್ತಿರ್ಲಿಲ್ಲ, ನಾಯಿ ಹತ್ರ ಇರ್ತಿರ್ಲಿಲ್ಲ. ಒಂದು ಕಡೆ ಆದ್ರೂ ನೀನು ಕಾಲು ಚಾಚಿ ಕೂತ್ಕೋಬೇಕಲ್ಲ. ಅದನ್ನೂ ಯಾಕೆ ಕಿತ್ಕೊಳ್ಳಲಿ ಅಂತ ಸುಮ್ಮನಿದ್ದೆ. ತಪ್ಪಾಯ್ತೇನೋ. ನನಗೇನು ಗೊತ್ತಿತ್ತು, ನೀನು ಇಳೀದೇ ಇದ್ದಿದ್ದನ್ನ ಇಷ್ಟು ದೂರ ಹೊತ್ಕೊಂಡು ಬರ್ತೀಯ ಅಂತ. ಗುದ್ದಿದ್ದಕ್ಕೇ ಅಂದ್ಕೊಂಡಿದ್ದೆ.”

“ಲೆಸ್‌ಗೆ ಕೋಪ ಇರ್ಲಿಲ್ವಾ?”

“ಲೆಸ್‌ಗಾ?” ಅವಳು ಸಣ್ಣಗೆ ನಕ್ಕಳು. “ನೀನು ಇಳೀದೇ ಇದ್ದಿದ್ದು ಒಳ್ಳೇದಾಯ್ತು ಅಂದ. ನೀನೂ ಬಂದಿದ್ರೆ ತನಗೆ ಇಬ್ರನ್ನ ನೋಡ್ಕೊಳ್ಳೋ ಕೆಲಸ ಆಗ್ತಿತ್ತಂತೆ. ಆಮೇಲೆ, ಅಲ್ಲಿ ಕಂಡಿದ್ದನ್ನ ಇಬ್ರೂ ನೋಡೋ ಅಗತ್ಯ ಇರ್ಲಿಲ್ಲ, ಒಬ್ಬನಾದ್ರೂ ನೋಡ್ಲಿಲ್ಲ ಅನ್ನೋದೇ ತನಗೆ ಸಮಾಧಾನ ಅಂದ.”

ಒಬ್ಬನಾದ್ರೂ ನೋಡ್ಲಿಲ್ಲ. ಪೆಟ್ಟಿಗೆಗೆ ಹೆಗಲು ಕೊಡುವವರ ಸಾಲಿನಲ್ಲಿ ತನ್ನ ಹೆಸರು ಬರೆಸಿದ್ದ ಲೆಸ್. ಕ್ಲೆಮ್ ಕಿಟಕಿಯ ಕಡೆ ತಿರುಗಿಕೊಂಡ. ಹೊರಗೆ ಮರಳಗುಡ್ಡೆಗಳು ಕಿತ್ತಳೆ ಬಣ್ಣಕ್ಕೆ ಬಂದಿದ್ದವು. ಅಳು ಬರುತ್ತದೆಂದು ಕಾದ. ಬಂತು, ಸ್ವಲ್ಪವೇ, ಕೆಮ್ಮಿನ ಹಾಗೆ. ಕಂಬಳಿಯೊಳಗೆ ನೋಲೀನ್‌ಳ ಪಾದ ಅವನ ಪಾದಕ್ಕೆ ತಾಕಿ ಅಲ್ಲೇ ನಿಂತಿತು. ಆ ನಾಯಿ ಮೊಣಕಾಲಿಗೆ ತಲೆಯಾನಿಸಿದಾಗ ಅವನ ಕೋಟಿನ ಜೇಬಿನಲ್ಲಿ ಯಾವಾಗಲೂ ಬಿಸ್ಕೆಟ್ ಇರುತ್ತಿತ್ತು, ಚಹಾಕ್ಕೆ ಅದ್ದಿ ತಿನ್ನಲು ಇಟ್ಟುಕೊಂಡದ್ದು. ಈಗ ಹೊಳೆಯಿತು. ಅದು ಕ್ಷಮಿಸಲೂ ಬಂದಿರಲಿಲ್ಲ, ಆರೋಪಿಸಲೂ ಬಂದಿರಲಿಲ್ಲ. ಒಂದು ತುಂಡು ಕೊಟ್ಟಿದ್ದರೆ ಮುಗಿಯುತ್ತಿತ್ತು. ಅವನಿಗೆ ಅಳುವಿನ ನಡುವೆಯೇ ನಗು ಬಂತು, ಎರಡೂ ಒಟ್ಟಿಗೆ ಮೂಗಿನಲ್ಲಿ ಸಿಕ್ಕಿಕೊಂಡು ವಿಚಿತ್ರ ಸದ್ದಾಯಿತು.

ಬಾಗಿಲು ತಟ್ಟಿ ರೊವೀನಾ ತಲೆ ಹಾಕಿದಳು. ಅವನ ಮುಖ ನೋಡಿ ತಕ್ಷಣ ಕಣ್ಣು ಬೇರೆಡೆ ಹೊರಳಿಸಿದಳು. “ಚಹಾ ತರ್ಲಾ ಅಂತ ಕೇಳಕ್ಕೆ ಬಂದೆ. ಆಮೇಲೆ ಬರ್ಲಾ?”

“ಇಲ್ಲ, ತನ್ನಿ,” ಎಂದ ಕ್ಲೆಮ್, ಕೂತಲ್ಲಿಂದಲೇ. “ತಿನ್ನೋಕೆ ಏನಿದೆ?”

“ಸ್ಕೋನ್ ಇದೆ, ಜಾಮ್ ಇದೆ, ಕ್ರೀಮ್ ಇದೆ.”

“ನನಗೆ ನಾಲ್ಕು.”

“ನಾಲ್ಕಾ?” ಎಂದಳು ನೋಲೀನ್. “ರಾತ್ರಿ ಊಟ ಇದೆ ಇನ್ನೂ.”

“ಮಧ್ಯಾಹ್ನ ತಿಂದೇ ಇಲ್ಲ ನಾನು. ಆ ಹಲ್ಲಿನ ಡಾಕ್ಟರು ತಿನ್ನಕ್ಕೆ ಬಿಟ್ನಾ?”

ರೊವೀನಾ ನಗುತ್ತ ಹೋದಳು. ಚಹಾ ಬಂತು. ಅವನು ತಿಂದ, ಕ್ರೀಮು ಮೀಸೆಗೆ ಅಂಟಿದ್ದನ್ನು ಒರೆಸಿಕೊಳ್ಳದೆ, ಕಂಬಳಿಯ ಮೇಲೆ ಚೂರು ಬೀಳಿಸುತ್ತ ತಿಂದ. ನೋಲೀನ್ ಆ ಚೂರುಗಳನ್ನು ನೋಡಿದಳು. ಮೈಯೆಲ್ಲ ಸಡಿಲವಾಗಿ ಭಾರವಾಗಿತ್ತು, ಜ್ವರ ಬಿಟ್ಟ ದಿನದ ಹಾಗೆ. ಮರಗಳ ತುದಿಯಲ್ಲಿ ಮಾತ್ರ ಬಿಸಿಲು ಉಳಿದಿತ್ತು.

“ಹೇಗಿತ್ತು?” ಎಂದು ಕೇಳಿದ.

“ಯಾವುದು?”

“ವಾರಗೂನ್. ನೀನು ನೋಡಿದ್ಯಲ್ಲ.”

ಅವಳು ಕಪ್ಪು ಕೆಳಗಿಟ್ಟು ಯೋಚಿಸಿದಳು, ಅವನಿಗೋಸ್ಕರ ತಂದದ್ದನ್ನು ಒಡೆಯದ ಹಾಗೆ ಚೀಲದಿಂದ ತೆಗೆಯುವವಳಂತೆ. “ಏನೂ ಇರ್ಲಿಲ್ಲ. ಒಂದು ಹಲಗೆ, ಅದರ ಮೇಲೆ ಹೆಸರು, ಬಣ್ಣ ಹೋಗಿದೆ. ಒಂದು ಗೇಟು. ಮಣ್ಣಿನ ದಾರಿ ಬಂದು ಹಳಿ ದಾಟಿ ಆಚೆ ಗುಡ್ಡೆ ಹತ್ತಿ ಹೋಗತ್ತೆ. ಈಗಲೂ ಯಾರೋ ಓಡಾಡ್ತಾರೆ ಅನ್ಸತ್ತೆ, ಚಕ್ರದ ಗುರುತಿತ್ತು. ಪೊದೆ ತುಂಬ ಹಳದಿ ಹೂವು ಬಿಟ್ಟಿತ್ತು. ಅಷ್ಟೆ. ಹಾಗೇ ಹೋಗ್ಬಿಡ್ತು.”

ಅವನು ಕಣ್ಣು ಮುಚ್ಚಿ ಕೇಳಿದ. ಹಲಗೆ ಬಂತು, ಗೇಟು ಬಂತು, ಹೂವು ಬಂತು. ಅವನು ಅಲ್ಲಿ ಇರಲಿಲ್ಲ, ಯಾರೂ ಇರಲಿಲ್ಲ.

“ಇನ್ನೊಂದ್ಸಲ ಹೇಳು,” ಎಂದ.

ಅವಳು ಮತ್ತೆ ಹೇಳಿದಳು. ಹಲಗೆ, ಗೇಟು, ಚಕ್ರದ ಗುರುತು, ಹಳದಿ ಹೂವು. ಈ ಸಲ ಗೇಟಿನ ಪಕ್ಕ ಒಂದು ಎಮು ಹಕ್ಕಿಯನ್ನೂ ಸೇರಿಸಿದಳು, ಕತ್ತು ಚಾಚಿ ರೈಲಿನ ಒಳಗೆಲ್ಲ ಇಣುಕಿ ನೋಡುತ್ತಿತ್ತೆಂದಳು. ಮೊದಲ ಸಲ ಆ ಎಮು ಇರಲಿಲ್ಲ. ಅದು ಎಲ್ಲಿಂದ ಬಂತೆಂದು ಅವನು ಕೇಳಲಿಲ್ಲ. ಅದು ಯಾವ ಕಡೆ ಹೋಯಿತೆಂದು ಮಾತ್ರ ಕೇಳಿದ.